ಮೋನುಚ್ಚನ ಕಾರ್ಡಿಗೆ ಬಿದ್ದ ಮದ್ದು

ಮೊನ್ನೆ ಬೆಳಿಗ್ಗೆ ನನ್ನ ಹೆಂಡತಿ ಖಾಲಿ ಉಪ್ಪಿನಕಾಯಿ ಬಾಟಲಿಯ ಲೇಬಲ್ ಕೆರೆಯುತ್ತಾ ಕೂತಿದ್ದಳು. ಕೆರೆಯುವುದು ಕೆರೆಯಲಿ, ನನಗೇನೂ ತೊಂದರೆಯಿಲ್ಲ. ಆದರೆ ಅವಳ ಕೈಯಲ್ಲಿದ್ದದ್ದು ಒಂದು ಗ್ರಾಫಿಕ್ಸ್ ಕಾರ್ಡು. ಕಂಪ್ಯೂಟರಿನ ಹೊಟ್ಟೆಯೊಳಗೆ ಕೂತು ಪರದೆಗೆ ಚಿತ್ರ ಕಳಿಸುವ ಹಸಿರು ಹಲಗೆ ಅದು. ಅದರ ಚಿನ್ನದ ಬಣ್ಣದ ಹಲ್ಲುಗಳಿಂದ ಬಾಟಲಿಯನ್ನು ಗರಗರ ಉಜ್ಜುತ್ತಿದ್ದಳು.

"ಏನು ಮಾಡ್ತಿದ್ದೀ ಅದರಲ್ಲಿ?" ಎಂದೆ, ಸ್ವಲ್ಪ ಜೋರಾಗಿಯೇ.

"ಎಂತ ಮಾಡುದು ಮಾರಾಯ್ರೆ? ನಿಮ್ಮ ಕೈಯಲ್ಲಿ ಇದ್ದಾಗ ಒಂದು ದಿನ ಕೆಲಸ ಮಾಡಿದ್ದು ನಾನು ಕಾಣಲಿಲ್ಲ. ನನ್ನ ಕೈಯಲ್ಲಾದ್ರೂ ಮಾಡ್ಲಿ" ಎಂದಳು.

ಮಾತು ನಿಜ. ಪುತ್ತೂರಿನ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಕೂದಲು ಬೆಳ್ಳಗಾಗುವ ತನಕ ಇದ್ದು ನಿವೃತ್ತನಾದವನು ನಾನು. ಬರುವಾಗ ಬೇರೆಯವರು ಹಾರ, ಶಾಲು ತಂದರೆ ನಾನು ಒಂದು ಗೋಣಿ ಹಳೆಯ ಕಾರ್ಡು ತಂದೆ. ಕ್ಲಾಸಿನಲ್ಲಿ ಪಾಠ ಮಾಡಿದವನಲ್ಲ, ಸ್ಕ್ರೂ ಬಿಚ್ಚಿ ಸ್ಕ್ರೂ ಹಾಕಿದವನು. ಆದರೂ ಇಲ್ಲಿಂದ ಸುಳ್ಯದವರೆಗೆ, ಆಚೆ ಕಡಬದವರೆಗೆ, ಜನ ನನ್ನನ್ನು ಮಾಸ್ಟ್ರು ಎಂದೇ ಕರೆಯುತ್ತಾರೆ. ನಾನೂ ಬೇಡ ಎನ್ನಲಿಲ್ಲ. ಬಿಟ್ಟಿ ಬಂದ ಮರ್ಯಾದೆಯನ್ನು ತಿರುಗಿಸಿ ಕೊಡುವಷ್ಟು ದೊಡ್ಡ ಮನುಷ್ಯ ನಾನಲ್ಲ.

ಆ ಲೇಬಲಿನ ಅಂಟು ನೋಡಿದಾಗ ಜಾಲ್ಸೂರಿನ ಮೋನುಚ್ಚ ನೆನಪಾದರು. ನನ್ನ ಮಾಸ್ಟ್ರುತನಕ್ಕೆ ಸರಿಯಾದ ಬತ್ತಿ ಇಟ್ಟವರು ಅವರು.

ಮೋನುಚ್ಚನದ್ದು ಸ್ಟಿಕ್ಕರ್ ಅಂಗಡಿ. ನೀವು ಈ ಕಡೆ ಬಸ್ಸಿನಲ್ಲಿ ಬಂದಿದ್ದರೆ ಅವರ ಕೆಲಸವನ್ನು ನೋಡಿಯೇ ಇರುತ್ತೀರಿ. ಜೀಪಿನ ಗಾಜಿನ ಮೇಲೆ, ರಿಕ್ಷಾದ ಹಿಂದೆ, ಖಾಸಗಿ ಬಸ್ಸುಗಳ ಹಣೆಯ ಮೇಲೆ ಮಿಂಚುವ ರೇಡಿಯಂ ಅಕ್ಷರಗಳು ಇರುತ್ತವಲ್ಲ, ಅವನ್ನು ಕತ್ತರಿಸುವುದು. ಒಂದು ಹಳೇ ಕಂಪ್ಯೂಟರು, ಅದಕ್ಕೆ ಜೋಡಿಸಿದ ಒಂದು ಕಟ್ಟಿಂಗ್ ಮೆಷಿನು. ಕಂಪ್ಯೂಟರಿನಲ್ಲಿ ಹೆಸರು ಒತ್ತಿದರೆ ಮೆಷಿನಿನ ಸಣ್ಣ ಬ್ಲೇಡು ಸ್ಟಿಕ್ಕರಿನ ಮೇಲೆ ಓಡಾಡಿ ಅಕ್ಷರ ಕೊರೆಯುತ್ತದೆ.

ಆದರೆ ಅಕ್ಷರಗಳು ಎಲ್ಲಿಂದಲೋ ತಂದವಲ್ಲ, ಮೋನುಚ್ಚನವೇ. ಪ್ರಾಯದಲ್ಲಿ ಕುಂಚ ಹಿಡಿದು ಬೋರ್ಡು ಬರೆಯುತ್ತಿದ್ದ ಅವರು, ತಮ್ಮ ಕೈಬರಹವನ್ನು ಗ್ರಾಫ್ ಪೇಪರಿನಲ್ಲಿ ಬಿಡಿಸಿ, ಒಂದೊಂದೇ ಚುಕ್ಕಿಯನ್ನು ಎಣಿಸಿ ಎಣಿಸಿ ಆ ಕಂಪ್ಯೂಟರಿಗೆ ತುಂಬಿಸಿದ್ದರು. ಕನ್ನಡವೂ ಉಂಟು, ಗಡಿಯ ಆಚೆಯ ಗಿರಾಕಿಗಳಿಗೆ ಮಲಯಾಳವೂ ಉಂಟು. ಅವರ 'ರ'ಕ್ಕೆ ಒಂಚೂರು ಹೊಟ್ಟೆ ಜಾಸ್ತಿ. 'ಳ' ಬರೆದರೆ ಅದರ ಬಾಲ ಪಕ್ಕದ ಅಕ್ಷರಕ್ಕೆ ಹೆಗಲು ಕೊಡುತ್ತದೆ. ಕೊಲ್ಲಮೊಗ್ರಿನ ಕಾಡಿನ ಅಂಚಿನಲ್ಲಿ ಒಂದು ಜೀಪು ಎದುರು ಬಂದರೂ ನಾನು ಅಕ್ಷರ ನೋಡಿ ಇದು ಮೋನುಚ್ಚನದ್ದು ಎಂದು ಹೇಳಬಲ್ಲೆ. ಈಗ ಅವರಿಗೆ ಕೈ ನಡುಕ. ಹೊಸದಾಗಿ ಒಂದು ಅಕ್ಷರ ಬಿಡಿಸಲೂ ಆಗುವುದಿಲ್ಲ. ಇದ್ದದ್ದೆಲ್ಲ ಆ ಹಳೇ ಕಂಪ್ಯೂಟರಿನ ಒಳಗೇ ಇತ್ತು, ಅದರ ಸ್ಟಿಕ್ಕರ್ ಪ್ರೋಗ್ರಾಮಿಗೆ ಮಾತ್ರ ಓದಲು ಬರುವ ಹಾಗೆ.

ಇನ್ನು ಅದು ಕೆಟ್ಟ ಕಥೆ. ಇಂತಹ ಕಾರಣಕ್ಕೆ ಒಂದು ಗ್ರಾಫಿಕ್ಸ್ ಕಾರ್ಡು ಕೆಡುವುದು ನಮ್ಮೂರಿನಲ್ಲಿ ಮಾತ್ರ ಸಾಧ್ಯ.

ಅಂಗಡಿಯ ಪಕ್ಕದಲ್ಲಿ ಸೇಸಪ್ಪಣ್ಣನ ಪಂಪ್ ರಿಪೇರಿ. ಅಡಿಕೆಗೆ ಕೊಳೆರೋಗ ಬಾರದ ಹಾಗೆ ಮೈಲುತುತ್ತು, ಸುಣ್ಣ ಕಲಸಿ ಹೊಡೆಯುತ್ತಾರಲ್ಲ, ನಮ್ಮವರು ಅದಕ್ಕೆ 'ಮದ್ದು ಬಿಡುದು' ಎನ್ನುತ್ತಾರೆ. ಮಳೆಗಾಲ ಹತ್ತಿರ ಬಂದರೆ ಆ ಪಂಪುಗಳೆಲ್ಲ ಸೇಸಪ್ಪಣ್ಣನ ಅಂಗಳದಲ್ಲಿ ಸಾಲು ನಿಲ್ಲುತ್ತವೆ. ಒಂದು ಮಧ್ಯಾಹ್ನ ಅವರು ರಿಪೇರಿ ಮುಗಿದ ಪಂಪನ್ನು ಪರೀಕ್ಷೆ ಮಾಡಲು ಹೊರಟರು. ನೀರು ಹಾಕಿ ನೋಡಿದ್ದರೆ ಮುಗಿಯುತ್ತಿತ್ತು. ಆದರೆ ಡ್ರಮ್ಮಿನಲ್ಲಿ ಒಂದಿಷ್ಟು ಮದ್ದು ಉಳಿದಿತ್ತು. ಚೆಲ್ಲುವುದು ಯಾಕೆ ಎಂದು ಅದನ್ನೇ ತುಂಬಿಸಿ, ಎದುರಿನ ತೆಂಗಿನ ಮರದ ತಲೆಗೆ ಗುರಿಯಿಟ್ಟು ಬಿಟ್ಟರು. ಗಾಳಿ ತಿರುಗಿತು. ಮೋನುಚ್ಚನ ಕಿಟಕಿ ತೆರೆದಿತ್ತು. ಕಂಪ್ಯೂಟರ್ ಬಿಸಿಯಾಗುತ್ತದೆಂದು ಅದರ ಪಕ್ಕದ ಮುಚ್ಚಳವನ್ನು ಅವರು ಎಂದೋ ತೆಗೆದಿಟ್ಟಿದ್ದರು.

ಮರುದಿನ ಬೆಳಿಗ್ಗೆ ಮೋನುಚ್ಚ ಸ್ವಿಚ್ ಹಾಕಿದರು. ಏನು ಅನಾಹುತ ಆಯಿತೋ ಎಂದು ನೋಡಲು ಬಂದ ಸೇಸಪ್ಪಣ್ಣ ಪರದೆ ನೋಡಿ, "ಅಯ್ಯೋ, ಕಪ್ಪು! ಕಂಪ್ಯೂಟರು ಹೋಯ್ತು" ಎಂದು ತಲೆ ಮೇಲೆ ಕೈ ಹೊತ್ತರಂತೆ. ಮೋನುಚ್ಚ ಸ್ವಿಚ್ ಆರಿಸಿ ನನಗೆ ಫೋನ್ ಮಾಡಿದರು.

ನಾನು ಹೋದೆ. ಮುಚ್ಚಳವಿಲ್ಲದ ಪೆಟ್ಟಿಗೆಯೊಳಗೆ ಕಣ್ಣಿಟ್ಟೆ. ಕಾರ್ಡಿನ ಮೇಲೆ, ಮಾನಿಟರಿನ ವಯರು ಸಿಕ್ಕಿಸುವ ಮೂಲೆಯಲ್ಲಿ, ನೀಲಿ ನೀಲಿ ಪುಡಿ ಹೂವಿನಂತೆ ಅರಳಿತ್ತು. ಸ್ವಿಚ್ ಹಾಕಿ ನೋಡುವುದೂ ಬೇಡವೆಂದು ತಕ್ಷಣ ಕಾರ್ಡನ್ನು ಕಿತ್ತು ಕೈಯಲ್ಲಿ ಹಿಡಿದು, "ಇದು ಸತ್ತಿದೆ ಮೋನುಚ್ಚ" ಎಂದೆ. ಡಾಕ್ಟರು ಕನ್ನಡಕ ತೆಗೆಯುತ್ತಾರಲ್ಲ, ಹಾಗೆ ನಾನೂ ತೆಗೆದೆ.

ಸೇಸಪ್ಪಣ್ಣ ಬಾಗಿಲಲ್ಲಿ ನಿಂತು, "ನಂಗೆ ಗೊತ್ತಿತ್ಲೆ ಮಾರಾಯ್ರೆ" ಎಂದು ಸುಳ್ಯದ ಕಡೆಯ ಅರೆಭಾಷೆಯಲ್ಲಿ ಗೊಣಗಿದರು. ಗೊತ್ತಿರಲಿಲ್ಲ ಎಂದರೆ ಗಾಳಿ ತಿರುಗುವುದೋ, ಕಿಟಕಿ ತೆರೆದಿದ್ದದ್ದೋ, ಅವರೂ ಬಿಡಿಸಿ ಹೇಳಲಿಲ್ಲ.

ಮೋನುಚ್ಚ ಮಾತ್ರ ಶಾಂತವಾಗಿಯೇ ಕೇಳಿದರು. "ಬೇರೆ ಕಾರ್ಡು ಹಾಕಿದ್ರೆ ಆಗ್ಲಿಕ್ಕಿಲ್ವಾ ಮಾಸ್ಟ್ರೆ?"

"ಅದೆಂತ ದೊಡ್ಡ ವಿಷಯ? ನಾಳೆ ಆಗ್ತದೆ" ಎಂದೆ.

"ಆಗದಿದ್ರೆ ಹೇಳಿ. ತಿಂಗಳ ಕೊನೆಗೆ ಅಂಗಡಿ ಬಿಟ್ಟು ಕೊಡ್ತೇನೆ. ಪೇಟೆಯಲ್ಲಿ ಹೊಸ ಮೆಷಿನು ಸಿಗ್ತದೆ, ರೆಡಿ ಅಕ್ಷರ ಒಳಗೇ ಉಂಟಂತೆ. ಬೇರೆಯವರ ಅಕ್ಷರದಲ್ಲಿ ನಾನು ಹೆಸರು ಬರೆಯುದಿಲ್ಲ."

ಅಷ್ಟು ಹೇಳಿ ಚಾ ತರಿಸಿದರು. ನಾನು ಎರಡು ಗ್ಲಾಸು ಕುಡಿದು, ಪೆಟ್ಟಿಗೆ, ಕಾರ್ಡು ಎಲ್ಲ ಕಟ್ಟಿಕೊಂಡು ಪುತ್ತೂರಿನ ಬಸ್ಸು ಹತ್ತಿದೆ. ಆ 'ನಾಳೆ' ಬರಲು ಮೂರು ವಾರ ಬೇಕಾಯಿತು.

ಇಲ್ಲಿ ಸ್ವಲ್ಪ ಶಾಸ್ತ್ರ ಹೇಳಬೇಕು, ಆಕಳಿಸಬೇಡಿ. ಗ್ರಾಫಿಕ್ಸ್ ಕಾರ್ಡಿನ ಮೇಲೆ ಒಂದು ಪುಟ್ಟ ಚಿಪ್ಪು ಇರುತ್ತದೆ. ಅದರೊಳಗೆ ಆ ಕಾರ್ಡು ಮಾಡಿದವರೇ ಬರೆದಿಟ್ಟ ಒಂದಿಷ್ಟು ವಿದ್ಯೆ. ಅದಕ್ಕೆ ವಿಡಿಯೋ ಬಯಾಸ್ ಎಂದು ಹೆಸರು. ಪರದೆಯನ್ನು ಹೇಗೆ ಬೆಳಗಿಸಬೇಕು, ಎಷ್ಟು ಗೆರೆ, ಎಷ್ಟು ಬಣ್ಣ ಎಲ್ಲ ಅದಕ್ಕೆ ಗೊತ್ತು. ಯಾರಾದರೂ ಕರೆದು ಕೇಳಬೇಕು, ಅದು ಮಾಡಿಕೊಡುತ್ತದೆ. ಕರೆಯುವ ರೀತಿ ಮಾತ್ರ ಒಂದೊಂದು ಮನೆಯಲ್ಲಿ ಒಂದೊಂದು ಥರ.

ವಿಂಡೋಸಿಗೂ ಮೊದಲಿನ ಹಳೇ ಡಾಸಿನ ಪ್ರೋಗ್ರಾಮುಗಳು ನೇರ; ಮೋನುಚ್ಚನ ಸ್ಟಿಕ್ಕರ್ ಪ್ರೋಗ್ರಾಮೂ ಆ ಜಾತಿಯದ್ದೇ. ನಡುಮನೆಗೆ ನುಗ್ಗಿ, "ಹೋಯ್, ಪರದೆ ಬೆಳಗಿಸಿ" ಎಂದು ಬಯಾಸನ್ನೇ ಕರೆಯುತ್ತವೆ. ಅನಂತರದ ವಿಂಡೋಸಿಗೆ ಇದು ಮರ್ಯಾದೆಯಲ್ಲ ಅನ್ನಿಸಿತು. ಅದು ಡ್ರೈವರ್ ಎಂಬ ಕಾರುಬಾರಿಯನ್ನು ಬಾಗಿಲಲ್ಲಿ ಕೂರಿಸಿತು. ಡಾಸಿನ ಪ್ರೋಗ್ರಾಮು ಬಂದು ಬಯಾಸನ್ನು ಕರೆದರೆ, ಕಾರುಬಾರಿಯೇ ಒಳಗಿನ ದನಿ ಮಾಡಿ "ಆಂ, ಆಯ್ತು" ಎಂದುಬಿಡುತ್ತಾನೆ. ಈಗಿನ ಹೊಸ ವಿಂಡೋಸುಗಳಲ್ಲಂತೂ ಅಂಥ ಪ್ರೋಗ್ರಾಮಿಗೆ ಗೇಟೇ ತೆರೆಯುವುದಿಲ್ಲ.

ವಿಂಡೋಸಿನ ಹಾಗೆ ಇನ್ನೊಂದು ಮನೆಯಾದ ಲಿನಕ್ಸಿನ ಕ್ರಮ ಹೇಳಬೇಕಾದರೆ ನನ್ನ ಅಜ್ಜಿಯ ಸುದ್ದಿ ಬರಬೇಕು.

ನನ್ನ ಅಜ್ಜಿ ಅಜ್ಜನ ಹೆಸರು ಹಿಡಿದು ಕರೆದವಳಲ್ಲ. 'ಹೋಯ್' ಎಂದೂ ಅಂದವಳಲ್ಲ. ಅಜ್ಜ ಜಗಲಿಯಲ್ಲಿ ಕೂತಿದ್ದರೆ ಅವಳು ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಬೆಕ್ಕಿಗೆ ಹೇಳುತ್ತಿದ್ದಳು. "ಪುಚ್ಚೇ, ಗಂಜಿ ಬಡಿಸಿ ಆಯ್ತು. ಯಾರಿಗಾದ್ರೂ ಬೇಕಾದ್ರೆ ಬರ್ಲಿ." ಅಜ್ಜನೂ ಬೆಕ್ಕಿಗೇ ಉತ್ತರ ಕೊಡುತ್ತಿದ್ದ. "ಪುಚ್ಚೇ, ಬರ್ತೇನೆ ಹೇಳು." ಐವತ್ತು ವರ್ಷದ ಸಂಸಾರ ಆ ಬೆಕ್ಕುಗಳ ಮೂಲಕವೇ ನಡೆಯಿತು. ಒಮ್ಮೆ ಬೆಕ್ಕು ಎರಡು ದಿನ ನಾಪತ್ತೆಯಾದಾಗ ಇಬ್ಬರೂ ಮಾತಿಲ್ಲದೆ ಕೂತು ಗಂಜಿ ತಣಿದದ್ದು ನನಗೆ ನೆನಪಿದೆ. ನಾನು ಮಧ್ಯೆ ಹೋಗಿ ಬೆಕ್ಕಿನ ಕೆಲಸ ಮಾಡಿದೆ. ಪ್ರತಿಫಲವಾಗಿ ಒಂದು ಹಪ್ಪಳ ಜಾಸ್ತಿ ಸಿಕ್ಕಿತು.

ಲಿನಕ್ಸಿನ ಕೆಲವು ಹಳೇ ಡ್ರೈವರುಗಳದ್ದೂ ಇದೇ ಕ್ರಮ. ಬಯಾಸಿಗೆ ಗೊತ್ತಿರುವುದು ಹಳೇ ಕಾಲದ ಪ್ರೊಸೆಸರಿನ ಭಾಷೆ ಮಾತ್ರ. ಹೊಸ ಪ್ರೊಸೆಸರು ಅದರ ಜೊತೆ ನೇರ ಮಾತಾಡುವಂತಿಲ್ಲ. ಆದ್ದರಿಂದ ಮಧ್ಯೆ ಒಂದು ಸುಳ್ಳು ಪ್ರೊಸೆಸರನ್ನು, ಬರೇ ಸಾಫ್ಟ್‌ವೇರಿನಲ್ಲಿ, ಕಟ್ಟಿ ನಿಲ್ಲಿಸುತ್ತಾರೆ. ಬಯಾಸಿನ ಮಾತೆಲ್ಲ ಆ ಬೆಕ್ಕಿನ ಮುಂದೆ ನಡೆಯುತ್ತದೆ. ಕೆಲಸವೂ ಆಗುತ್ತದೆ, ಮರ್ಯಾದೆಯೂ ಉಳಿಯುತ್ತದೆ.

ನಾನು ಮೂರು ವಾರದಲ್ಲಿ ಈ ಎಲ್ಲ ಮನೆಗಳ ಬಾಗಿಲು ತಟ್ಟಿದೆ. ಮೊದಲು ನನ್ನ ಗೋಣಿಯಿಂದ ಬೇರೆ ಹಳೇ ಕಾರ್ಡು ತೆಗೆದು ಮೋನುಚ್ಚನ ಪೆಟ್ಟಿಗೆಗೇ ಹಾಕಿದೆ. ಪರದೆ ಬೆಳಗಿತು! ಹೆಂಡತಿಯನ್ನು ಕರೆದು ತೋರಿಸುವಷ್ಟರಲ್ಲಿ ಸ್ಟಿಕ್ಕರ್ ಪ್ರೋಗ್ರಾಮು ಎದ್ದು, ಕಾರ್ಡಿನ ಬಯಾಸಿನಲ್ಲಿ ಬರೆದಿದ್ದ ಹೆಸರು ಓದಿ, ಇದು ನಮ್ಮವನಲ್ಲ ಎಂದು ಒಂದು ಸಾಲು ಬರೆದು ಮಲಗಿಬಿಟ್ಟಿತು. ಆ ಪ್ರೋಗ್ರಾಮು ಬರೆದ ಪುಣ್ಯಾತ್ಮ ಒಂದೇ ಜಾತಿಯ ಕಾರ್ಡನ್ನು ನಂಬಿ ಬರೆದಿದ್ದ. ಗೋಣಿಯಲ್ಲಿದ್ದ ಹನ್ನೊಂದು ಕಾರ್ಡುಗಳನ್ನೂ ಹಾಕಿದೆ. ಹನ್ನೊಂದಕ್ಕೂ ಅದೇ ಉತ್ತರ.

ಹಳೇ ವಿಂಡೋಸಿನಲ್ಲಿ ಕಾರುಬಾರಿಯ ಸುಳ್ಳು ದನಿಯನ್ನು ಅದು ಕ್ಷಣದಲ್ಲಿ ಹಿಡಿಯಿತು. ಹೊಸ ಲ್ಯಾಪ್‌ಟಾಪು ಗೇಟಿನಿಂದಲೇ ಓಡಿಸಿತು. ಕೊನೆಗೆ ಲಿನಕ್ಸಿನ ಒಳಗೆ ಒಂದು ಆಟದ ಡಾಸು ಕಟ್ಟಿ, ಅದರ ಬಯಾಸಿನಲ್ಲಿ ನಾನೇ ಕಳ್ಳ ಹೆಸರು ಬರೆದೆ. ಆ ವಯಸ್ಸಿನಲ್ಲಿ ಫೋರ್ಜರಿ ಮಾಡುವ ಸುಖವೇ ಬೇರೆ. ಪ್ರೋಗ್ರಾಮು ಮೋಸ ಹೋಯಿತು, ಒಳಗೆ ಬಂತು, ಆಮೇಲೆ ಆ ಜಾತಿಯ ಕಾರ್ಡಿಗೆ ಮಾತ್ರ ಗೊತ್ತಿದ್ದ ಏನೋ ಒಂದು ವಿಚಿತ್ರ ಕರೆ ಕರೆಯಿತು. ನನ್ನ ಕಳ್ಳ ಬಯಾಸಿಗೆ ಉತ್ತರ ಗೊತ್ತಿರಲಿಲ್ಲ. ಪರದೆಯ ಮೇಲೆ ನಾಲ್ಕು ಅಡ್ಡಗೆರೆ ಬಂದು ಎಲ್ಲವೂ ಗಟ್ಟಿಯಾಗಿ ನಿಂತುಹೋಯಿತು.

ಈ ಮಧ್ಯೆ ಸೇಸಪ್ಪಣ್ಣ ಎರಡು ಸಲ ನನ್ನ ಮನೆಗೆ ಬಂದರು. ಒಮ್ಮೆ ಕದಳಿ ಗೊನೆ, ಇನ್ನೊಮ್ಮೆ ಜೇನು. "ಹೇಗಾದ್ರೂ ಮಾಡಿ ಮಾಸ್ಟ್ರೆ. ಮೋನುಚ್ಚ ನನ್ನ ಹತ್ರ ಒಂದು ಮಾತು ಜೋರು ಹೇಳಲಿಲ್ಲ. ಬೈದಿದ್ರೆ ಒಳ್ಳೆದಿತ್ತು" ಎಂದರು. ಅವರ ಮುಖ ನೋಡಲು ನನಗೆ ಆಗಲಿಲ್ಲ. ಬಾಳೆಹಣ್ಣು ಮಾತ್ರ ತಿಂದೆ.

ತಿಂಗಳು ಮುಗಿಯಲು ನಾಲ್ಕು ದಿನ ಇರುವಾಗ ಸೋಲೊಪ್ಪಿಕೊಂಡೆ. ತಂದದ್ದನ್ನು ತಂದ ಹಾಗೆಯೇ ಕೊಟ್ಟು ಬರೋಣ ಎಂದು ಮೋನುಚ್ಚನ ಪೆಟ್ಟಿಗೆಗೆ ಅವರ ಅದೇ ಹಳೇ ಕಾರ್ಡನ್ನು ಸಿಕ್ಕಿಸಿದೆ. ನೀಲಿ ಪುಡಿಯನ್ನು ಬ್ರಷ್ಷಿನಿಂದ ಒರೆಸಿದ್ದೆ, ಹೆಣಕ್ಕೆ ಸ್ನಾನ ಮಾಡಿಸುವ ಮನಸ್ಸಿನಲ್ಲಿ. ಜಾಲ್ಸೂರಿಗೆ ಬಸ್ಸಿನಲ್ಲಿ ಹೋಗುವಾಗ ದಾರಿಯುದ್ದಕ್ಕೂ ಎದುರು ಬಂದ ವಾಹನಗಳ ಮೇಲೆಲ್ಲ ಮೋನುಚ್ಚನ ಅಕ್ಷರ. ಇಷ್ಟು ಚಂದದ ಒಂದು 'ಳ' ಇನ್ನು ಹುಟ್ಟುವುದಿಲ್ಲವಲ್ಲ ಎಂದು ನಿಜವಾಗಿಯೂ ದುಃಖವಾಯಿತು. ನನ್ನ ಮೇಲೆ ನನಗೇ ಸಿಟ್ಟೂ ಬಂತು.

ಅಂಗಡಿಯಲ್ಲಿ ಮೋನುಚ್ಚ ಆಗಲೇ ಸ್ಟಿಕ್ಕರಿನ ಸುರುಳಿಗಳನ್ನು ರಟ್ಟಿನ ಡಬ್ಬಕ್ಕೆ ತುಂಬಿಸುತ್ತಿದ್ದರು. ಸೇಸಪ್ಪಣ್ಣ ಡಬ್ಬ ಹಿಡಿದುಕೊಂಡು ನಿಂತಿದ್ದರು. ನಾನು ಪೆಟ್ಟಿಗೆ ಇಟ್ಟು, ವಯರುಗಳನ್ನು ಜೋಡಿಸಿ, ಸೋಲನ್ನು ಮುಚ್ಚಿಕೊಳ್ಳಲು ಒಂದು ಭಾಷಣ ಶುರು ಮಾಡಿದೆ. ಡಾಸು ಹೇಗೆ ಕರೆಯುತ್ತದೆ, ವಿಂಡೋಸು ಹೇಗೆ ತಡೆಯುತ್ತದೆ, ಲಿನಕ್ಸು ಹೇಗೆ ಬೆಕ್ಕು ಸಾಕುತ್ತದೆ, ಎಲ್ಲ ಹೇಳಿದೆ. ಹೇಳುತ್ತಾ ಹೇಳುತ್ತಾ ಅಭ್ಯಾಸಬಲದಿಂದ ಸ್ವಿಚ್ ಒತ್ತಿದೆ.

ಪರದೆ ಕಪ್ಪು. ನಾನು ಕೈ ತೋರಿಸಿ, "ನೋಡಿದಿರಲ್ಲ" ಎನ್ನುವಷ್ಟರಲ್ಲಿ ಪೆಟ್ಟಿಗೆಯ ಒಳಗಿಂದ ಒಂದು ಸಣ್ಣ ಸದ್ದು ಬಂತು. 'ಬೀಪ್.'

ಒಂದೇ ಬೀಪ್.

ವರ್ಷ ವರ್ಷವೂ ಲ್ಯಾಬಿನ ಕೆಲಸಕ್ಕೆ ಬರುವ ಹೊಸ ಹುಡುಗರಿಗೆ ನಾನೇ ಹೇಳಿಕೊಟ್ಟ ಪಾಠ ಅದು. ಕಾರ್ಡು ಸತ್ತಿದ್ದರೆ ಒಂದು ಉದ್ದ, ಎರಡು ಗಿಡ್ಡ ಬೀಪ್ ಬರುತ್ತದೆ. ಒಂದೇ ಒಂದು ಗಿಡ್ಡ ಬೀಪ್ ಬಂದರೆ ಮನೆಯಲ್ಲಿ ಎಲ್ಲರೂ ಕ್ಷೇಮ. ಕಾರ್ಡಿನ ಬಯಾಸು ಬದುಕಿತ್ತು. ಮದ್ದು ತಿಂದದ್ದು ಚಿತ್ರ ಹೊರಗೆ ಬರುವ ಬಾಗಿಲನ್ನು ಮಾತ್ರ. ಕರೆದರೆ ಓಗೊಡಲು, ಹೆಸರು ಕೇಳಿದರೆ ಹೇಳಲು, ಆ ವಿಚಿತ್ರ ಕರೆಗೂ ಉತ್ತರ ಕೊಡಲು ಅದು ಒಳಗೆ ಸಿದ್ಧವಾಗಿಯೇ ಕೂತಿತ್ತು. ಮೊದಲ ದಿನ ಸ್ವಿಚ್ ಹಾಕಿ ಕಿವಿಗೊಟ್ಟಿದ್ದರೆ ತಿಳಿಯುತ್ತಿತ್ತು. ನಾನು ಕಿವಿ ಕೊಡಲಿಲ್ಲ, ಕಾರ್ಡು ಕಿತ್ತೆ.

ನನ್ನ ಭಾಷಣ ಅರ್ಧಕ್ಕೆ ನಿಂತಾಗ ಮೋನುಚ್ಚ ಕೇಳಿದರು. "ಎಂತ ಆಯ್ತು ಮಾಸ್ಟ್ರೆ? ಅದಕ್ಕೆ ಜೀವ ಉಂಟಾ, ಇಲ್ವಾ?"

"ಜೀವ ಉಂಟು. ಎಲ್ಲ ಸರಿ ಉಂಟು. ಸ್ಕ್ರೀನಿನಲ್ಲಿ ಕಾಣುದಿಲ್ಲ, ಅಷ್ಟೇ. ಆದ್ರೆ ಕಾಣದೆ ನೀವು ಕೆಲಸ ಮಾಡುದು ಹೇಗೆ?"

ಮೋನುಚ್ಚ ಸೇಸಪ್ಪಣ್ಣನ ಕಡೆ ತಿರುಗಿದರು. ರಸ್ತೆಯ ಕಡೆ ಕಿವಿಗೊಟ್ಟರು. ಗಿರಾಕಿಗಳು ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ದನಿ ತಗ್ಗಿಸಿದರು.

"ಯಾರ ಹತ್ರವೂ ಹೇಳ್ಬೇಡಿ. ನನಗೆ ಎರಡು ಕಣ್ಣಿಗೂ ಪೊರೆ. ಆ ಸ್ಕ್ರೀನು ಕಾಣದೆ ಎರಡು ವರ್ಷ ಆಯ್ತು. ಮೂಗಿನ ಹತ್ರ ಹಿಡಿದ್ರೆ ಮಾತ್ರ ಕಾಣುದು. ಗೊತ್ತಾದ್ರೆ ಗಿರಾಕಿ ಬರ್ತಾರಾ? ಅದಕ್ಕೆ ಸುಮ್ಮನೆ ಸ್ಕ್ರೀನು ನೋಡಿದ ಹಾಗೆ ಮಾಡುದು."

"ಮತ್ತೆ ಸ್ಕ್ರೀನು ಕಪ್ಪಾದದ್ದು ನಿಮಗೆ ಹೇಗೆ ಗೊತ್ತಾಯ್ತು?"

"ಸೇಸಪ್ಪಣ್ಣ ಬೊಬ್ಬೆ ಹೊಡೆದ್ರಲ್ಲ! ಕಂಪ್ಯೂಟರು ಹೋಯ್ತು ಅಂತ. ಮೇಲಿಂದ ನೀವೂ ಬಂದು ಸತ್ತಿದೆ ಅಂದ್ರಿ. ಮಾಸ್ಟ್ರು ಹೇಳಿದ ಮೇಲೆ ನಾನು ಎಂತ ಹೇಳುದು?"

ಸೇಸಪ್ಪಣ್ಣ ಮೊದಲು ನಕ್ಕರು. ಮೋನುಚ್ಚನೂ ನಕ್ಕರು. ನಾನು ಕನ್ನಡಕ ಒರೆಸುವ ನೆಪ ಮಾಡಿದೆ.

ಮೋನುಚ್ಚ ಕುರ್ಚಿ ಎಳೆದು ಕೂತರು. ಹಾರ್ಡ್ ಡಿಸ್ಕು ಕರಕರ ಎನ್ನುವುದು ನಿಲ್ಲುವ ತನಕ ತಲೆ ಓರೆ ಮಾಡಿ ಕೇಳಿದರು. ಆಮೇಲೆ ಒಂದು ಕೀ ಒತ್ತಿ, ಕಾದು, ಮತ್ತೆರಡು ಒತ್ತಿದರು. ಕಟ್ಟಿಂಗ್ ಮೆಷಿನಿನ ಬ್ಲೇಡು ಟಕ್ಕೆಂದು ತನ್ನ ಜಾಗಕ್ಕೆ ಬಂದು ನಿಂತಿತು. ಹನ್ನೊಂದು ಕಾರ್ಡು, ಮೂರು ಆಪರೇಟಿಂಗ್ ಸಿಸ್ಟಮ್ಮು, ಒಂದು ಫೋರ್ಜರಿ ಸೇರಿ ಮಾಡಲಾಗದ ಕೆಲಸವದು.

"ಮೋನುಚ್ಚ, ಮೊದಲು ಅಆಇಈಯಿಂದ ಎಲ್ಲ ಅಕ್ಷರ ಕತ್ತರಿಸಿ ಕೊಡಿ" ಎಂದು ನಾನು ಅವಸರ ಮಾಡಿದೆ. "ಈ ಕಾರ್ಡು ಇವತ್ತೋ ನಾಳೆಯೋ. ಸ್ಕ್ಯಾನ್ ಮಾಡಿ ಹೊಸ ಮೆಷಿನಿಗೆ ನಾನು ಹಾಕಿ ಕೊಡ್ತೇನೆ. ನಿಮ್ಮ ಅಕ್ಷರವೇ ಇರ್ತದೆ."

"ಸಂಜೆ ಒಳಗೆ ಕೊಡುವ. ಅದಕ್ಕೆ ಮೊದಲು ಒಂದು ಅರ್ಜೆಂಟ್ ಉಂಟು."

ನಡುಗುವ ಬೆರಳುಗಳು ಕೀಬೋರ್ಡಿನ ಮೇಲೆ ಒಂದು ಸಲವೂ ತಪ್ಪಲಿಲ್ಲ. ಕಣ್ಣು ಮಾತ್ರ ಅಭ್ಯಾಸದಂತೆ ಆ ಕಪ್ಪು ಪರದೆಯನ್ನೇ ನೋಡುತ್ತಿತ್ತು. ಮೆಷಿನು ಗುಂಯ್‌ಗುಟ್ಟಿ ಹಳದಿ ರೇಡಿಯಂ ಹಾಳೆಯ ಮೇಲೆ ಅತ್ತಿಂದಿತ್ತ ಓಡಿತು. ಮೋನುಚ್ಚ ಹಾಳೆಯನ್ನು ಮೂಗಿನ ಹತ್ತಿರ ಹಿಡಿದು, ಚಿಮುಟದಿಂದ ಬೇಡದ್ದನ್ನೆಲ್ಲ ಎಬ್ಬಿಸಿ ತೆಗೆದರು. ಆಮೇಲೆ ಎದ್ದು, ಮಾನಿಟರನ್ನು ಅಂಗಿಯ ತುದಿಯಿಂದ ಒರೆಸಿ, ಆ ಕಪ್ಪು ಗಾಜಿನ ಮೇಲೆ ಅಕ್ಷರಗಳನ್ನು ಅಂಗೈಯಿಂದ ಒತ್ತಿ ಒತ್ತಿ ಅಂಟಿಸಿದರು. ಹೊಟ್ಟೆ ಜಾಸ್ತಿ ಇದ್ದ 'ರೆ'ಯನ್ನು ಮಾತ್ರ ಇನ್ನೊಮ್ಮೆ ಸವರಿದರು.

"ಸೇಸಪ್ಪಣ್ಣ, ಒಂದು ಕೈ ಕೊಡಿ" ಎಂದರು. ಇಬ್ಬರೂ ಸೇರಿ ಮಾನಿಟರನ್ನು ರಸ್ತೆಯ ಕಡೆಗೆ ತಿರುಗಿಸಿದರು. ನಾನು ಅಂಗಳಕ್ಕೆ ಇಳಿದು ನಿಂತು ಓದಿದೆ: 'ಅಂಗಡಿ ತೆರೆದಿದೆ.'